ಮೋಟುಕೊಂಬಿಯ ಕೊಟ್ಟಿಗೆ

ನಾವು ಹತ್ತು ಜನ ಸೇರಿ ಒಂದು ಮೇಕೆಗೆ ಕೊಟ್ಟಿಗೆ ಕಟ್ಟಿಕೊಟ್ಟೆವು. ಕಟ್ಟಿ ಮುಗಿಯುವ ಹೊತ್ತಿಗೆ ಆ ಮೇಕೆಯನ್ನೂ ತಿಂದು ಮುಗಿಸಿದ್ದೆವು.

ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ನಾನಿರುವ ದುಶಾನ್ಬೆ ನಗರದಲ್ಲಿ ವಿಷಯ ಗೊತ್ತಿರುವ ಗೆಳೆಯರು ನನ್ನನ್ನು ಮಾರುಕಟ್ಟೆಯಲ್ಲಿ ಕಂಡರೆ ಸಲಾಮಿಗೆ ಬದಲು ಒಂದು ಸಲ "ಮ್ಯಾ" ಅಂದು ಮುಂದೆ ಹೋಗುತ್ತಾರೆ. ನಾನೂ ನಗುತ್ತೇನೆ. ಅವರಿಗೆ ಗೊತ್ತಿರುವುದು ಅರ್ಧ ಮಾತ್ರ ಎಂಬ ಧೈರ್ಯದಿಂದ ನಗುತ್ತೇನೆ.

ಸ್ಕೌಟ್ ಎಂದರೆ ಶಾಲೆಯ ಮಕ್ಕಳು ಎಂದೇ ಜನರ ಲೆಕ್ಕ. ಹದಿನೆಂಟು ದಾಟಿದ ಮೇಲೂ ಬಿಡದೆ ಅಂಟಿಕೊಂಡವರಿಗೆ ರೋವರ್ ಎಂದು ಹೆಸರು. ಇಪ್ಪತ್ತೈದರವರೆಗೆ ಅವರು ಕೊರಳಿಗೆ ಸ್ಕಾರ್ಫು ಕಟ್ಟಿಕೊಂಡು ಬೆಟ್ಟ ಹತ್ತುತ್ತಾರೆ, ಕಾಲುವೆ ಹೂಳು ತೆಗೆಯುತ್ತಾರೆ, ಸಸಿ ನೆಡುತ್ತಾರೆ. ಧ್ಯೇಯವಾಕ್ಯ ಒಂದೇ ಮಾತು: ಸೇವೆ. ನಾನು ತಾಂತ್ರಿಕ ಶಾಲೆಯೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುವವನು, ಹೆಸರು ನಿಯೋಜ್, ಆಗಲೇ ಐವತ್ತರ ಹೊಸ್ತಿಲು, ಹೊಟ್ಟೆ ಹೊಸ್ತಿಲು ದಾಟಿ ಬಹಳ ಕಾಲವಾಗಿತ್ತು. ಇಂಥವನು ಒಂಬತ್ತು ಜನ ರೋವರ್‌ಗಳ ನಾಯಕ. ಹೆಣ್ಣುಮಕ್ಕಳ ತಂದೆಯರು ನನ್ನ ಹೊಟ್ಟೆ ನೋಡಿಯೇ ಧೈರ್ಯ ತಂದುಕೊಂಡು ಅವರನ್ನು ಬೆಟ್ಟಕ್ಕೆ ಕಳಿಸುತ್ತಿದ್ದರು. ಈ ಮನುಷ್ಯ ಎಲ್ಲಿಗೂ ಬೇಗ ಹೋಗಲಾರ, ಯಾವುದಕ್ಕೂ ಆತುರಪಡಲಾರ ಎಂದು.

ರೋವರ್ ಆಗಬೇಕಾದರೆ ಒಂದು ಕ್ರಮವಿದೆ. ಹೊಸಬರು ತಾವೇ ಒಂದು ಸೇವೆಯ ಕೆಲಸ ಹುಡುಕಬೇಕು, ತಾವೇ ಯೋಜನೆ ಹಾಕಬೇಕು, ತಂಡವನ್ನು ಕರೆದುಕೊಂಡು ಹೋಗಿ ಮುಗಿಸಬೇಕು. ಮುಗಿದ ಜಾಗದಲ್ಲೇ ನಿಂತು ಪ್ರತಿಜ್ಞೆ ಹೇಳಿದರೆ ನಾಯಕನು ಎದೆಗೆ ಬ್ಯಾಡ್ಜ್ ಚುಚ್ಚುತ್ತಾನೆ. ಆ ಬೇಸಿಗೆ ಮೆಹ್ರಂಗೇಜ್ ಎಂಬ ಹುಡುಗಿಯ ಸರದಿ. ಇಪ್ಪತ್ತೆರಡು ವರ್ಷ, ನರ್ಸಿಂಗ್ ಓದುತ್ತಿದ್ದಳು. ಮೇ ತಿಂಗಳಲ್ಲಿ ಲಸಿಕೆ ಹಾಕುವವರ ಜತೆ ಯಾಘ್ನೋಬ್ ಕಣಿವೆಗೆ ಹೋದಾಗ ಅವಳು ದೆಹ್‌ಕಬುದ್ ಎಂಬ ಆರು ಮನೆಯ ಊರಿನಲ್ಲಿ ಒಬ್ಬ ಒಂಟಿ ಹೆಂಗಸನ್ನು ನೋಡಿ ಬಂದಿದ್ದಳು. ಮಾರ್ಚಿನಲ್ಲಿ ಹಿಮ ಕುಸಿದು ಆಕೆಯ ಕೊಟ್ಟಿಗೆ ನೆಲಸಮವಾಗಿತ್ತು, ಒಳಗಿದ್ದ ಐದು ಮೇಕೆಗಳೂ ಹೋಗಿದ್ದವು. ಕೆಮ್ಮುತ್ತಿತ್ತೆಂದು ಆ ದಿನ ಮನೆಯೊಳಗೆ ಒಲೆಯ ಪಕ್ಕ ಕಟ್ಟಿದ್ದ ಆರನೆಯ ಮೇಕೆ ಮಾತ್ರ ಉಳಿದಿತ್ತು. ಅದಕ್ಕೊಂದು ಕೊಟ್ಟಿಗೆ ಬೇಕು, ಚಳಿ ಬರುವುದರೊಳಗೆ. ಇದಕ್ಕಿಂತ ಚೊಕ್ಕ ಸೇವೆ ಇನ್ನೇನಿದೆ ಎಂದು ನಾನು ಒಪ್ಪಿದೆ. ವರದಿಗೆ ಫೋಟೋ ಚೆನ್ನಾಗಿ ಬರುತ್ತದೆ ಎಂದೂ ಅಂದುಕೊಂಡೆ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಜುಲೈಯಲ್ಲಿ ಹೊರಟೆವು. ಇದ್ರಿಸ್ ಅಕಾ ಎಂಬ ಹಳಬನ ಲಾರಿಯಲ್ಲಿ ಪಾಪ್ಲರ್ ಮರದ ತೊಲೆಗಳು, ಗುದ್ದಲಿ, ಎರಡು ಚೀಲ ಅಕ್ಕಿ, ಗಜ್ಜರಿ, ಎಣ್ಣೆ. ಸುರಂಗ ದಾಟಿ, ಲಾರಿ ಹೋಗುವಷ್ಟು ದೂರ ಹೋಗಿ, ಅಲ್ಲಿಂದ ಕತ್ತೆಗಳ ಮೇಲೆ ಹೇರಿ ನಾಲ್ಕು ತಾಸು ನಡಿಗೆ. ದಾರಿಯುದ್ದಕ್ಕೂ ನಾನು ತಂಡಕ್ಕೆ ಉಪದೇಶ ಮಾಡಿದೆ: ಬಡವರ ಮನೆ, ನಮ್ಮ ಊಟ ನಮ್ಮದು, ಅವರಿಂದ ಒಂದು ತುಂಡು ರೊಟ್ಟಿಯೂ ಬೇಡ. ಏದುಸಿರಿನಲ್ಲಿ ಮಾಡಿದ ಉಪದೇಶ ಮನಸ್ಸಿಗೆ ಹೆಚ್ಚು ನಾಟುತ್ತದೆ ಎಂದು ನನ್ನ ನಂಬಿಕೆ.

ಬೀಬಿ ಸಫರ್‌ಮೋ ಊರಿನ ತುದಿಯಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. ಆಗ ಅವರಿಗೆ ಅರವತ್ತೊಂದು. ಊರಿನ ಎಲ್ಲರಿಗೂ ಅಜ್ಜಿ, ಅದಕ್ಕೇ ಬೀಬಿ. ಗಿಡ್ಡ ಆಳು, ಮುಖ ಅಡಿಕೆಯಷ್ಟು ಚಿಕ್ಕದು, ದನಿ ಮಾತ್ರ ಹೊಳೆಯ ಆ ದಡಕ್ಕೆ ಕೇಳಿಸುವಂಥದು. ನಮ್ಮ ಸ್ಕಾರ್ಫುಗಳನ್ನು ನೋಡಿ, ಪಯೋನೀರ್‌ಗಳು ಮತ್ತೆ ಬಂದರಾ ಎಂದು ವಿಚಾರಿಸಿದರು. ಸೋವಿಯತ್ ಕಾಲದಲ್ಲಿ ಕೆಂಪು ಸ್ಕಾರ್ಫಿನ ಮಕ್ಕಳನ್ನು ನೋಡಿದವರೆಲ್ಲ ನಮ್ಮನ್ನು ಕೇಳುವ ಪ್ರಶ್ನೆ ಅದು. ಅಲ್ಲ, ಸ್ಕೌಟ್‌ಗಳು ಎಂದೆ. ಅವರ ಕಣ್ಣು ನಮ್ಮ ಖುಶ್‌ಬಖ್ತ್‌ನ ಪೊದೆಮೀಸೆಯ ಮೇಲೆ ನಿಂತಿತು.

"ಪಾಪ, ಇಷ್ಟು ದೊಡ್ಡೋನಾದ್ರೂ ಇನ್ನೂ ಪಾಸಾಗಿಲ್ವಾ?"

ಖುಶ್‌ಬಖ್ತ್ ಎಂಜಿನಿಯರಿಂಗ್ ಮುಗಿಸಿದವನು. ಅವತ್ತಿನಿಂದ ತಂಡದಲ್ಲಿ ಅವನ ಹೆಸರು ಫೇಲಾದವನು ಎಂದೇ ಆಯಿತು.

ಕತ್ತೆಯ ಬೆನ್ನಿನಿಂದ ಅಕ್ಕಿಯ ಚೀಲ ಇಳಿಯುವುದನ್ನು ಕಂಡಾಗ ಬೀಬಿಯ ಮುಖ ಬೇರೆಯಾಯಿತು. ನಮ್ಮ ನಾಡಿನಲ್ಲಿ ಹಶರ್ ಎಂದರೆ ಮುಯ್ಯಾಳಿನ ಕೆಲಸ. ಒಬ್ಬರ ಮನೆಗೆ ಗೋಡೆ ಎದ್ದರೆ ಊರೆಲ್ಲ ಕೈ ಹಾಕುತ್ತದೆ. ಕೂಲಿ ಇಲ್ಲ, ಆದರೆ ಊಟ ಮಾತ್ರ ಆ ಮನೆಯದು. ಇದನ್ನು ನಾನು ಮರೆತಿರಲಿಲ್ಲ. ಸೇವೆ ಬೇರೆ, ಹಶರ್ ಬೇರೆ ಎಂದುಕೊಂಡಿದ್ದೆ, ಅಷ್ಟೆ.

"ನನ್ನ ಮನೆ ಹಶರ್‌ಗೆ ನಿಮ್ಮ ಅಕ್ಕಿ ನೀವೇ ಹೊತ್ಕೊಂಡು ಬಂದಿದೀರ? ನಾನೇನು ಸತ್ತೋಗಿದೀನಾ?"

ಎರಡು ಚೀಲಗಳನ್ನೂ ತಾವೇ ಎಳೆದುಕೊಂಡು ಹೋಗಿ, ಗೋಡೆಗೆ ಒಟ್ಟಿದ್ದ ರಜಾಯಿಗಳ ಹಿಂದೆ ಇಟ್ಟು, ಅದರ ಮುಂದೆ ಕೂತುಬಿಟ್ಟರು. ಹೋಗುವಾಗ ತಗೊಂಡು ಹೋಗಿ ಎಂದರು. ನಂತರ ಬಟ್ಟೆ ಹಾಸಿ ರೊಟ್ಟಿ ಮುರಿದು, ಬಟ್ಟಲಿಗೆ ಹಾಲು, ಬೆಣ್ಣೆ, ಉಪ್ಪು ಹಾಕಿದ ಚಹಾ ಸುರಿದರು. ನಾನು ಬೇಡ ಎಂದೆ. ಇನ್ನೊಂದು ಸಲ ಬೇಡ ಎಂದೆ. ಆಮೇಲೆ ಕುಡಿದೆ. ನಮ್ಮಲ್ಲಿ ಎರಡು ಸಲ ಬೇಡ ಅನ್ನುವುದು ಮರ್ಯಾದೆಗೆ, ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮೂರನೆಯ ಸಲ ಅಂದರೆ ಮಾತ್ರ ಅದು ನಿಜವಾದ ಬೇಡ, ಆಗ ಎಂಥ ಮನೆಯವರೂ ಕೈ ಹಿಂದೆಗೆಯುತ್ತಾರೆ. ಮೂರನೆಯದನ್ನು ನಾನು ಜೀವನದಲ್ಲಿ ಹೆಚ್ಚು ಬಳಸಿದವನಲ್ಲ. ನನ್ನನ್ನು ನೋಡಿದರೆ ಗೊತ್ತಾಗುತ್ತದೆ.

ಆ ಹಾಲು ಮೋಟುಕೊಂಬಿಯದು. ಬಿಳಿಯ ಮೇಕೆ, ಎಡಗೊಂಬು ಅರ್ಧಕ್ಕೆ ಮುರಿದಿತ್ತು. ಕೆಲಸದ ಮೇಸ್ತ್ರಿ ತಾನೇ ಎಂಬ ಭಾವ ಅದಕ್ಕೆ. ನಾವು ಪಾಯ ಗುರುತಿಸಲು ಕಟ್ಟಿದ ದಾರವನ್ನು ತಿಂದಿತು, ಖುಶ್‌ಬಖ್ತ್ ಬರೆದ ನಕ್ಷೆಯ ಒಂದು ಮೂಲೆಯನ್ನು ತಿಂದಿತು, ಎದ್ದ ಗೋಡೆಯ ಮೇಲೆ ಹತ್ತಿ ನಿಂತು ಒಂದೊಂದು ಕಲ್ಲನ್ನೂ ಪರೀಕ್ಷಿಸಿತು. ಅಲ್ಲಾಡಿದ ಕಲ್ಲಿನ ಮೇಲೆ ನಿಂತು ಕೂಗುತ್ತಿತ್ತು. ಎಂಜಿನಿಯರಿಗಿಂತ ಇದೇ ವಾಸಿ ಎಂದು ಬೀಬಿ ತೀರ್ಪು ಕೊಟ್ಟರು. ಮೆಹ್ರಂಗೇಜ್ ಹಾಲು ಕರೆಯಲು ಕಲಿತು, ಅರ್ಧ ಪಾತ್ರೆಗೆ ಅರ್ಧ ತೋಳಿಗೆ ಕರೆದಳು.

ಎರಡನೆಯ ದಿನ ಬೀಬಿಯ ಎರಡು ಕೋಳಿಗಳಲ್ಲಿ ಒಂದು ಕಾಣೆಯಾಗಿ ಸಾರಿನಲ್ಲಿ ಸಿಕ್ಕಿತು. ಅದನ್ನು ಉಣ್ಣುವಾಗಲೇ ಅವರು ತಮ್ಮ ಕಥೆ ಹೇಳಿದ್ದು. ಯಾರೂ ಕೇಳಿರಲಿಲ್ಲ. ನಾವು ಸಹಾಯಕ್ಕೆ ಬಂದವರು ಎಂದು ನಾನು ಏನೋ ಎರಡು ಮಾತು ದೊಡ್ಡದಾಗಿ ಆಡಿದ್ದಕ್ಕೆ ನೆನಪಾಯಿತೇನೋ.

ಎಪ್ಪತ್ತನೆಯ ಇಸವಿ. ಸಫರ್‌ಮೋಗೆ ಹತ್ತೊಂಬತ್ತು, ಮದುವೆಯಾಗಿ ಮೂರು ತಿಂಗಳು. ಕಣಿವೆಗೆ ಹೆಲಿಕಾಪ್ಟರ್ ಇಳಿಯಿತು. ಬಂದ ಅಧಿಕಾರಿಗಳು ಸಭ್ಯರು, ಬೂಟು ಬಿಚ್ಚಿ ಒಳಗೆ ಬಂದರು. ಇದು ಹಿಮ ಕುಸಿಯುವ ಜಾಗ, ಇಲ್ಲಿ ಆಸ್ಪತ್ರೆ ಇಲ್ಲ, ಶಾಲೆ ಇಲ್ಲ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತೇವೆ, ಕೆಳಗೆ ಹತ್ತಿಯ ಬಯಲಿಗೆ ಬನ್ನಿ ಎಂದರು. ಸಫರ್‌ಮೋ ಅವರ ಅತ್ತೆ ಮೊದಲು ಕುರಿ ಕೊಯ್ಯಿಸಿ ಬಂದವರಿಗೆ ಉಣಿಸಿದರು. ಅಧಿಕಾರಿಗಳು ಉಂಡು, ಕೈ ಒರೆಸಿಕೊಂಡು, ಗಂಟುಮೂಟೆ ಕಟ್ಟಲು ಅರ್ಧ ಗಂಟೆ ಸಮಯ ಕೊಟ್ಟರು. ಕಣಿವೆಗೆ ಕಣಿವೆಯೇ ಖಾಲಿಯಾಯಿತು. ಬಯಲಿನ ಬಿಸಿಲು ಬೆಟ್ಟದವರಿಗೆ ಆಗಲಿಲ್ಲ. ಮರುವರ್ಷದ ಬೇಸಿಗೆಯಲ್ಲೇ ಸಫರ್‌ಮೋ ಒಂದು ಮಗುವನ್ನು ಮಣ್ಣು ಮಾಡಿದರು. ಅದನ್ನು ಹೇಳುವಾಗ ಅವರು ಖುಶ್‌ಬಖ್ತ್‌ನ ಬಟ್ಟಲಿಗೆ ಇನ್ನೊಂದು ಸೌಟು ಸಾರು ಹಾಕುತ್ತಿದ್ದರು. ಹದಿನೈದು ವರ್ಷ ಹತ್ತಿ ಬಿಡಿಸಿ, ಒಂದು ವಸಂತದಲ್ಲಿ ಗಂಡ ಹೆಂಡತಿ ಯಾರಿಗೂ ಹೇಳದೆ ಎದ್ದು ನಡೆದುಕೊಂಡು ಮನೆಗೆ ಬಂದರು. ಹನ್ನೊಂದು ದಿನದ ದಾರಿ. ಕೈಯಲ್ಲಿ ಒಂದು ಕೆಟಲು, ಹಗ್ಗದಲ್ಲಿ ಒಂದು ಬಿಳಿ ಮೇಕೆ. ಮನೆಯ ಮಾಡು ಬಿದ್ದಿತ್ತು, ಗೋಡೆ ನಿಂತಿತ್ತು. ಗಂಡ ತೀರಿಕೊಂಡು ಈಗ ಒಂಬತ್ತು ವರ್ಷ. ಮದುವೆಯಾಗಿ ಬಯಲಿಗೆ ಹೋದ ಮಗಳು ವರ್ಷ ವರ್ಷ ಕರೆಯುತ್ತಾಳೆ, ಇವರು ಹೋಗುವುದಿಲ್ಲ. ಮೋಟುಕೊಂಬಿ ಆ ಬಿಳಿ ಮೇಕೆಯ ಮೊಮ್ಮಗಳ ಮೊಮ್ಮಗಳು. ಹಿಮ ಬಿದ್ದ ಮೇಲೆ ಆ ಸಂತಾನದಲ್ಲಿ ಉಳಿದದ್ದು ಇದೊಂದೇ.

"ಅವರೂ ಸಹಾಯಕ್ಕೇ ಬಂದಿದ್ರು ಕಣಪ್ಪಾ. ಅವರಿಗೂ ಹೊಟ್ಟೆ ತುಂಬ ಉಣಿಸಿದ್ವಿ. ತಿನ್ನಿ, ತಿನ್ನಿ, ಆರೋಗತ್ತೆ."

ಅದರಲ್ಲಿ ಕೊಂಕು ಏನೂ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಉಪಕಾರವಾಗುತ್ತಿತ್ತು.

ಈಗ ಆ ಉಳಿದರ್ಧ.

ಮೂರನೆಯ ದಿನ ಬೆಳಗಿನ ನಮಾಜು ಮುಗಿಸಿ ನಾನು ಹೊಳೆಯ ಕಡೆಯಿಂದ ಒಬ್ಬನೇ ಬರುತ್ತಿದ್ದೆ. ಹುಡುಗರು ಇನ್ನೂ ಮಲಗಿದ್ದರು. ಮನೆಯ ಹಿಂದೆ ಬೀಬಿ ನಿಂತಿದ್ದರು, ಒಂದು ಕೈಯಲ್ಲಿ ಮೋಟುಕೊಂಬಿಯ ಹಗ್ಗ, ಇನ್ನೊಂದು ಕೈಯಲ್ಲಿ ಚಾಕು.

"ತಮ್ಮಾ, ಊರಿನ ಗಂಡಸರೆಲ್ಲ ಕುರಿ ಹೊಡ್ಕೊಂಡು ಮೇಲಕ್ಕೆ ಹೋಗಿದಾರೆ. ನೀನೇ ಒಂದು ಬಿಸ್ಮಿಲ್ಲಾ ಹೇಳ್ಬಿಡು."

ನಾನು ಬೇಡ ಎಂದೆ. ಬೀಬಿ, ನಾವು ಕೊಟ್ಟಿಗೆ ಕಟ್ಟುತ್ತಿರುವುದೇ ಇದಕ್ಕಲ್ಲವಾ ಎಂದೆ. ಕೊಟ್ಟಿಗೆ ಎಲ್ಲಿಗೂ ಓಡಿಹೋಗುವುದಿಲ್ಲ, ಮೇಕೆ ಇವತ್ತಲ್ಲ ನಾಳೆ ಬರುತ್ತದೆ, ಆದರೆ ಮೂರು ದಿನ ದುಡಿದ ಮುಯ್ಯಾಳುಗಳನ್ನು ಮಾಂಸ ಹಾಕದೆ ಕಳಿಸಿದಳು ಸಫರ್‌ಮೋ ಎಂದು ಕಣಿವೆಯಲ್ಲಿ ಮಾತಾಗುವುದು ಬೇಡ ಎಂದರು. ನಾನು ಎರಡನೆಯ ಸಲ ಬೇಡ ಎಂದೆ. ಚಳಿಗಾಲಕ್ಕೆ ಹಾಲು ಏನು ಮಾಡುತ್ತೀರಿ ಎಂದೆ. ಕಪ್ಪು ಚಹಾ ಕುಡಿದವರು ಯಾರೂ ಸತ್ತಿಲ್ಲ ಎಂದರು.

ಆಮೇಲೆ ಅವರು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ಮೋಟುಕೊಂಬಿ ನನ್ನ ಅಂಗಿಯ ತುದಿಯನ್ನು ಅಗಿಯುತ್ತಿತ್ತು. ಮೂರನೆಯ ಸಲ ಅನ್ನಬೇಕಾದ ಜಾಗ ಅದು. ಅನ್ನಲು ಸಮಯವೂ ಇತ್ತು. ಅತಿಥಿ ಕೈ ಒಡ್ಡದಿದ್ದರೆ ಮನೆಯವಳ ಮಾನ ಹೋಗುತ್ತದೆ ಎಂದು ಒಳಗೆ ಒಬ್ಬ ದೊಡ್ಡ ಮನುಷ್ಯ ಹೇಳುತ್ತಿದ್ದ. ಅವನ ಹಿಂದೆ ನಿಂತು ಇನ್ನೊಬ್ಬ ಎಣ್ಣೆಯಲ್ಲಿ ಈರುಳ್ಳಿ ಕೆಂಪಗಾಗುವ ಪರಿಮಳವನ್ನು ನೆನೆಯುತ್ತಿದ್ದ. ಇಬ್ಬರೂ ನಾನೇ. ಚಾಕು ತೆಗೆದುಕೊಂಡೆ.

ಮಧ್ಯಾಹ್ನ ದೊಡ್ಡ ತಟ್ಟೆಯಲ್ಲಿ ಓಶ್ ಬಂತು. ಅನ್ನದ ಮೇಲೆ ಮಾಂಸದ ಗುಡ್ಡೆ. ಮೆಹ್ರಂಗೇಜ್ ಕೈ ಹಾಕುವ ಮೊದಲು ನನ್ನ ಮುಖ ನೋಡಿ, ಇದು ಎಲ್ಲಿಂದ ಉಸ್ತಾದ್ ಎಂದು ಮೆಲ್ಲಗೆ ಕೇಳಿದಳು. ಪಕ್ಕದ ಮನೆಯವರು ಕಳಿಸಿದ್ದಂತೆ ಎಂದೆ. ಹಿರಿಯ ಅತಿಥಿ ಎಂದು ಸೊಂಟದ ತುಂಡನ್ನು ನನ್ನ ಕಡೆಗೆ ತಿರುಗಿಸಿಟ್ಟಿದ್ದರು. ಚೆನ್ನಾಗಿತ್ತು. ಹೇಗಿತ್ತು ಎಂದು ಯಾರಾದರೂ ಕೇಳಿದರೆ ಸುಳ್ಳು ಹೇಳಬಾರದಲ್ಲ, ಬಹಳ ಚೆನ್ನಾಗಿತ್ತು.

ಊಟವಾದ ಮೇಲೆ ಕೊಟ್ಟಿಗೆಯ ಮಾಡಿನ ಮೇಲೆ ಕೊನೆಯ ಮಣ್ಣು ಮೆತ್ತಿದೆವು. ಎಲ್ಲರೂ ಸ್ಕಾರ್ಫು ಸರಿಮಾಡಿಕೊಂಡು ಸಾಲಾಗಿ ನಿಂತರು. ನನ್ನ ಜೇಬಿನಲ್ಲಿ ಮೆಹ್ರಂಗೇಜಳ ಬ್ಯಾಡ್ಜ್. ಖುಶ್‌ಬಖ್ತ್ ಕ್ಯಾಮೆರಾ ಹಿಡಿದು, ಮೇಕೆಯನ್ನು ಕರೆತನ್ನಿ, ಅದು ಒಳಗೆ ಕಾಲಿಡುವಾಗಲೇ ತೆಗೆಯೋಣ ಎಂದ. ಮೆಹ್ರಂಗೇಜ್ ಮನೆಯ ಹಿಂದೆ ಹೋದಳು. ಹೋದವಳು ಸ್ವಲ್ಪ ಹೊತ್ತು ಬರಲಿಲ್ಲ. ಆ ಕಡೆ ಮನೆಯ ಮಾಡಿನ ಮೇಲೆ ಬಿಳಿಯ ಚರ್ಮವನ್ನು ಬಿಸಿಲಿಗೆ ಹರಡಿ, ನಾಲ್ಕೂ ಮೂಲೆಗೆ ಕಲ್ಲು ಇಟ್ಟಿತ್ತು.

ಅವಳು ತಿರುಗಿ ಬಂದು ಸಾಲಿನಲ್ಲಿ ತನ್ನ ಜಾಗದಲ್ಲಿ ನಿಂತಳು. ಬೀಬಿ ಬಾಗಿಲಲ್ಲಿ ನಿಂತು ಹಬ್ಬದ ಮುಖ ಮಾಡಿಕೊಂಡು ನೋಡುತ್ತಿದ್ದರು. ಅದಕ್ಕೇ ಅವಳು ಅಳಲಿಲ್ಲ ಎಂದು ತೋರುತ್ತದೆ.

"ಉಸ್ತಾದ್, ಬ್ಯಾಡ್ಜು ಇವತ್ತು ಬೇಡ."

ಕೊರಳಿನ ಸ್ಕಾರ್ಫು ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡಳು. ಒಬ್ಬೊಬ್ಬರಿಗೇ ಅರ್ಥವಾಗುತ್ತ ಬಂತು. ಖುಶ್‌ಬಖ್ತ್ ಕ್ಯಾಮೆರಾದ ಮುಚ್ಚಳ ಹಾಕಿದ. ಕತ್ತೆಗಳ ಮೇಲೆ ನಮ್ಮ ಎರಡು ಚೀಲ ಅಕ್ಕಿಯನ್ನು ಬೀಬಿ ತಾವೇ ಹೇರಿಸಿದರು, ಒಂದು ಕಾಳೂ ಕಡಿಮೆಯಾಗದ ಹಾಗೆ. ನಾವು ನಮ್ಮ ಅಕ್ಕಿಯ ಹಿಂದೆ ಶವಯಾತ್ರೆಯವರಂತೆ ಇಳಿದು ಬಂದೆವು.

ತಿಂದ ಮೇಕೆ ಬೀಬಿಯದೇ ಆಗಿತ್ತು ಎಂದು ಎಲ್ಲರಿಗೂ ಗೊತ್ತಾಯಿತು. ನನಗೆ ಮೊದಲೇ ಗೊತ್ತಿತ್ತು ಎಂದು ಯಾರಿಗೂ ಗೊತ್ತಾಗಲಿಲ್ಲ. ನಾನು ಎಲ್ಲರಿಗಿಂತ ಹೆಚ್ಚು ತಲೆ ಕೊಡವಿದೆ, ಎಲ್ಲರಿಗಿಂತ ಉದ್ದ ನಿಟ್ಟುಸಿರು ಬಿಟ್ಟೆ.

ನಗರಕ್ಕೆ ಬಂದು ವರದಿ ಬರೆಯಲು ಕೂತೆ. ನಮೂನೆಯಲ್ಲಿ ಒಂದು ಖಾನೆ ಇರುತ್ತದೆ, ಸೇವೆಯಿಂದ ಪ್ರಯೋಜನ ಪಡೆದವರು ಎಷ್ಟು ಜನ ಎಂದು. ಬೀಬಿ ಮತ್ತು ನೆರೆಹೊರೆ ಎಲ್ಲ ಸೇರಿಸಿ, ಸ್ವಲ್ಪ ಉದಾರವಾಗಿ, ಹತ್ತು ಎಂದು ಬರೆದೆ. ಮೆಹ್ರಂಗೇಜ್ ಹಿಂದೆ ನಿಂತು ಓದುತ್ತಿದ್ದಳು.

"ಸರಿಯಾಗೇ ಬರ್ದಿದೀರ ಉಸ್ತಾದ್. ಹತ್ತು ಜನ. ನಾವೇ."

ವರದಿ ಕಳಿಸಲಿಲ್ಲ. ತಂಡ ಸಭೆ ಸೇರಿತು. ಹಿಮ ಬಿದ್ದು ದಾರಿ ಮುಚ್ಚುವುದರೊಳಗೆ ಬೀಬಿಗೆ ಹಾಲು ಕೊಡುವ ಮೇಕೆ ತಲುಪಬೇಕು ಎಂದು ಎಲ್ಲರೂ ಒಪ್ಪಿದರು. ಹೇಗೆ ಎಂಬಲ್ಲಿ ತಕರಾರು. ಕೊಟ್ಟರೆ ತೆಗೆದುಕೊಳ್ಳುವ ಹೆಂಗಸಲ್ಲ. ಉಣಿಸಿದ್ದಕ್ಕೆ ಬದಲು ಕೊಡಲು ಹೋದರೆ ನಾವು ಆಕೆಯ ಮನೆಯನ್ನು ಹೋಟೆಲು ಮಾಡಿದಂತೆ. ಕೊನೆಗೆ ದಾರಿ ತೋರಿಸಿದವನು ಫೇಲಾದವನೇ. ಅವನ ಅಜ್ಜಿ ಬೆಟ್ಟದ ಕಡೆಯವಳು. ಪಾಲಿಗೆ ಸಾಕಲು ಕೊಡೋಣ ಎಂದ. ಮೇಕೆ ನಮ್ಮದು, ಇಟ್ಟುಕೊಳ್ಳಲು ಜಾಗವಿಲ್ಲ, ದಯವಿಟ್ಟು ನೀವು ಸಾಕಿ, ಹಾಲು ನಿಮಗೆ, ಮರಿ ಅರ್ಧ ಅರ್ಧ. ಆಗ ಉಪಕಾರ ಮಾಡುವವರು ಅವರು, ಬೇಡುವವರು ನಾವು. ಇದು ಎಲ್ಲರಿಗೂ ಹಿಡಿಸಿತು. ಮೇಕೆ ಯಾರದು ಎಂದು ಕೇಳಿದರೆ ನನ್ನ ಅತ್ತೆಯದು ಎನ್ನುವುದು ಎಂದು ನಾನು ಸೇರಿಸಿದೆ. ಕಥೆಗೆ ಗಟ್ಟಿತನ ಬರಲಿ ಎಂದು. ಮೇಕೆ ಕೊಂಡ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆ ವರ್ಷ ನನ್ನ ಹಳೆಯ ಕೋಟು ಇನ್ನೊಂದು ಚಳಿಗಾಲ ನೋಡಿತು.

ಅಕ್ಟೋಬರಿನ ಮೊದಲ ವಾರ ಮೆಹ್ರಂಗೇಜ್, ಖುಶ್‌ಬಖ್ತ್, ನಾನು, ಒಂದು ಕಂದು ಬಣ್ಣದ ಗಬ್ಬದ ಮೇಕೆ ಇದ್ರಿಸ್ ಅಕಾನ ಲಾರಿ ಹತ್ತಿದೆವು. ದೆಹ್‌ಕಬುದಿನಲ್ಲಿ ಆಗಲೇ ನೀರಿನ ಅಂಚಿಗೆ ಮಂಜುಗಡ್ಡೆ ಕಟ್ಟಿತ್ತು. ನಾವು ಕಟ್ಟಿದ ಕೊಟ್ಟಿಗೆಯಲ್ಲಿ ಮಾಡಿನವರೆಗೂ ಬೆರಣಿ ಒಟ್ಟಿತ್ತು. ಖಾಲಿ ಬಿಡಬಾರದಲ್ಲ ಎಂದರು ಬೀಬಿ. ಬಟ್ಟೆ ಹಾಸಿ ರೊಟ್ಟಿ ಮುರಿದರು. ಚಹಾ ಕಪ್ಪಗಿತ್ತು.

ಮಾತಾಡುವುದು ಮೆಹ್ರಂಗೇಜಳ ಪಾಲಿಗೆ ಬಿಟ್ಟಿದ್ದೆವು. ಅವಳು ಅಚ್ಚುಕಟ್ಟಾಗಿ ಹೇಳಿದಳು: ಉಸ್ತಾದರ ಅತ್ತೆಗೆ ವಯಸ್ಸಾಯಿತು, ನಗರದಲ್ಲಿ ಹುಲ್ಲಿಲ್ಲ, ನೀವು ಪಾಲಿಗೆ ಸಾಕಿಕೊಟ್ಟರೆ ದೊಡ್ಡ ಉಪಕಾರ. ಬೀಬಿ ಮೇಕೆಯ ಕಡೆ ನೋಡದೆ, ಬೇಡ ಕೂಸೇ, ನನಗೂ ವಯಸ್ಸಾಯಿತು ಎಂದರು. ಅದು ಒಂದು. ಮೆಹ್ರಂಗೇಜ್ ಇನ್ನೊಮ್ಮೆ ಕೇಳಿಕೊಂಡಳು.

"ಬೇಡ. ನಿನ್ನ ಉಸ್ತಾದನ ಕಿವಿ ನೋಡು, ಹೆಂಗೆ ಕೆಂಪಗಾಗಿದೆ. ಅವತ್ತು ಮಾಂಸ ಪಕ್ಕದ ಮನೇದು ಅಂತ ನಿಂಗೆ ಹೇಳ್ದಾಗ್ಲೂ ಹಿಂಗೇ ಆಗಿತ್ತು. ಬೆಳಿಗ್ಗೆ ತಾನೇ ಕೊಯ್ದು, ಮಧ್ಯಾಹ್ನ ಪಕ್ಕದ ಮನೇದು ಅಂದ."

ಅವರು ತಮಾಷೆಗೆ ಅಂದದ್ದು. ನಮ್ಮ ಹುಡುಗರಿಗೆ ಗೊತ್ತಿದೆ ಎಂದೇ ಅವರು ತಿಳಿದಿದ್ದರು. ಖುಶ್‌ಬಖ್ತ್ ರೊಟ್ಟಿಯ ತುಂಡನ್ನು ಬಾಯಿಯ ಹತ್ತಿರ ಹಿಡಿದವನು ಹಾಗೇ ಹಿಡಿದುಕೊಂಡ. ಮೆಹ್ರಂಗೇಜ್ ನನ್ನ ಮುಖ ನೋಡಲಿಲ್ಲ. ಕೈಗಳನ್ನು ನೋಡಿದಳು. ನಾನು ಅವನ್ನು ಕೋಟಿನ ತೋಳಿನೊಳಗೆ ಎಳೆದುಕೊಂಡೆ.

ವಿದ್ಯಾರ್ಥಿಗಳು ನಕಲು ಹೊಡೆದು ಸಿಕ್ಕಿಬಿದ್ದಾಗ ನಾನು ಇಪ್ಪತ್ತೈದು ವರ್ಷದಿಂದ ಒಂದೇ ಮಾತು ಹೇಳುತ್ತ ಬಂದಿದ್ದೇನೆ, ಎದ್ದು ನಿಂತು ನಿಜ ಹೇಳಿ ಎಂದು. ಅದು ಎಷ್ಟು ಕಷ್ಟದ ಶಿಕ್ಷೆ ಎಂದು ಆವರೆಗೆ ಗೊತ್ತಿರಲಿಲ್ಲ. ಎದ್ದು ನಿಂತೆ. ಮಾಡು ತಗ್ಗು, ತಲೆ ತಗ್ಗಿಸಿಯೇ ನಿಲ್ಲಬೇಕಾಯಿತು, ಅದು ಒಳ್ಳೆಯದೇ ಆಯಿತು. ಮೇಕೆ ಅತ್ತೆಯದಲ್ಲ, ನಾವು ಕೊಂಡು ತಂದದ್ದು ಎಂದೆ. ಮೋಟುಕೊಂಬಿಯ ವಿಷಯ ಈ ಮಕ್ಕಳಿಗೆ ನಾನು ಹೇಳಿರಲಿಲ್ಲ ಎಂದೆ.

"ಬೀಬಿ, ಅವತ್ತು ನಾನು ಮೂರನೇ ಸಲ ಬೇಡ ಅನ್ನಬೇಕಾಗಿತ್ತು."

ಬೀಬಿ ನನ್ನ ಬಟ್ಟಲಿಗೆ ಕಪ್ಪು ಚಹಾ ಸುರಿದು ಮುಂದಕ್ಕೆ ತಳ್ಳಿದರು.

"ಹೂಂ. ಅಂತೀಯೇನೋ ಅಂತ ನಾನೂ ಸ್ವಲ್ಪ ಹೊತ್ತು ಕಾದೆ."

ಅಷ್ಟೇ ಅಂದದ್ದು. ಈ ಒಂದು ಮಾತನ್ನು ನಾನು ದುಶಾನ್ಬೆಯ ಗೆಳೆಯರಿಗೆ ಹೇಳಿಲ್ಲ. "ಮ್ಯಾ" ಅನ್ನಿಸಿಕೊಳ್ಳುವುದು ಇದಕ್ಕಿಂತ ಎಷ್ಟೋ ಹಗುರ.

ಅವರು ಎದ್ದು ಹೊರಗೆ ಹೋದರು. ನಾವು ಮೂವರೂ ಹಿಂದೆ ಹೋದೆವು. ಕಂದು ಮೇಕೆಯ ಸುತ್ತ ಒಂದು ಸುತ್ತು ಬಂದರು. ತುಟಿ ಎತ್ತಿ ಹಲ್ಲು ನೋಡಿದರು, ಕೆಚ್ಚಲು ಮುಟ್ಟಿದರು, ಹೊಟ್ಟೆಗೆ ಕಿವಿ ಇಟ್ಟರು. ಎರಡು ಸಲ ಬೇಡ ಅಂದಾಗಿತ್ತು. ನಾವು ಮೂರನೆಯದಕ್ಕೆ ಕಾಯುತ್ತ ನಿಂತಿದ್ದೆವು. ಅವರು ಕೊನೆಗೆ ಕೊಟ್ಟಿಗೆಯ ಕಡೆ ತಿರುಗಿ ಖುಶ್‌ಬಖ್ತ್‌ಗೆ ಕೈ ಮಾಡಿದರು.

"ಬೆರಣಿ ಎಲ್ಲ ಹೊರಗೆ ತೆಗಿ ಮಗಾ. ಮರಿ ಅರ್ಧ ಅಂದ್ರೆ ಅರ್ಧ, ಆಮೇಲೆ ಬೇಡ ಅನ್ನೋ ಹಾಗಿಲ್ಲ. ಸತ್ರೆ, ಮಾರ್ಕೊಂಡಿಲ್ಲ ಅಂತ ಚರ್ಮ ತೋರಿಸ್ತೀನಿ."

ಮೆಹ್ರಂಗೇಜ್ ಸಾಕ್ಷಿಯಾಗಿ ನಿಂತಳು. ಬೀಬಿ ನನ್ನ ಕೈ ಹಿಡಿದು ಮೂರು ಸಲ ಅಲುಗಿಸಿದರು, ವ್ಯವಹಾರ ಗಟ್ಟಿಯಾಯಿತು. ಬಾಗಿಲು ಮೇಕೆಗೆ ಚೂರು ಇಕ್ಕಟ್ಟಾಯಿತು. ನಕ್ಷೆಯ ಆ ಮೂಲೆಯನ್ನೇ ಮೋಟುಕೊಂಬಿ ತಿಂದಿತ್ತಲ್ಲ ಎಂದು ಖುಶ್‌ಬಖ್ತ್ ಅಂದ. ಯಾರೂ ನಗಲಿಲ್ಲ, ಬೀಬಿ ಒಬ್ಬರನ್ನು ಬಿಟ್ಟು.

ಇಳಿದು ಬಂದು ಲಾರಿ ಹತ್ತಿದೆವು. ಸುರಂಗದ ಬಾಯಿ ಕಂಡಾಗ ಮೆಹ್ರಂಗೇಜ್ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು.

"ಅವತ್ತು ನೀವು ಎಷ್ಟು ತುಂಡು ತಿಂದ್ರಿ ಉಸ್ತಾದ್?"

"ಮೂರು. ಸೊಂಟದ್ದು ಬೇರೆ."

"ನಾನು ನಾಲ್ಕು," ಅಂದಳು. "ಪಕ್ಕದ ಮನೇದು ಅಂದಾಗ ನಂಗೆ ನಂಬಿಕೆ ಬಂದಿರ್ಲಿಲ್ಲ. ಆದ್ರೂ ತಿಂದೆ."

ಸುರಂಗ ದಾಟಿದ ಮೇಲೆ ಬ್ಯಾಡ್ಜಿನ ಮಾತು ನಾನೇ ತೆಗೆದೆ. ಇನ್ನೊಬ್ಬ ನಾಯಕರ ಕೈಯಿಂದ ಹಾಕಿಸಿಕೊಳ್ಳಬಹುದು, ನಾನೇ ಪತ್ರ ಬರೆದುಕೊಡುತ್ತೇನೆ ಎಂದೆ. ಅವಳು ಸ್ವಲ್ಪ ಯೋಚಿಸಿ, ಮೊದಲು ಮೇಕೆ ಮರಿ ಹಾಕಲಿ, ಆಮೇಲೆ ನೋಡೋಣ ಎಂದಳು. ಬ್ಯಾಡ್ಜ್ ನನ್ನ ಮೇಜಿನ ಡ್ರಾಯರಿನಲ್ಲಿ ಚಳಿಗಾಲ ಕಳೆಯಿತು. ಉಳಿದ ಏಳು ಜನರಿಗೂ ನಾನೇ ವಿಷಯ ಹೇಳಬೇಕು ಎಂದು ಅವಳು ಒಂದು ಷರತ್ತು ಹಾಕಿದಳು. ಹೇಳಿದೆ. ಇಬ್ಬರು ಆಮೇಲೆ ಸಭೆಗೆ ಬರಲಿಲ್ಲ. ಅವರನ್ನು ಕರೆಯಲು ನನಗೆ ಬಾಯಿ ಬರಲಿಲ್ಲ.

ಹೋದ ವಾರ, ಮೇ ತಿಂಗಳ ಹದಿನಾಲ್ಕಕ್ಕೆ, ನಮ್ಮ ನಾಲ್ಕನೆಯ ಅಂತಸ್ತಿನ ಬಾಗಿಲು ಬಡಿಯಿತು. ಇದ್ರಿಸ್ ಅಕಾ ಏದುಸಿರು ಬಿಡುತ್ತ ನಿಂತಿದ್ದ. ತೋಳಿನಲ್ಲಿ ಒಂದು ಕಂದು ಮರಿ. ಎರಡು ಹಾಕಿದೆ, ಇದು ನಿಮ್ಮ ಪಾಲಿನದು ಎಂದು ನನ್ನ ಕೈಗಿಟ್ಟ. ಬೀಬಿ ಹೇಳಿ ಕಳಿಸಿದ್ದನ್ನು ಅವರದೇ ದನಿಯಲ್ಲಿ ಒಪ್ಪಿಸಿದ.

"ಕೊಟ್ಟಿಗೆ ಚಿಕ್ಕದಾಯ್ತು, ಇನ್ನೊಂದು ಗೋಡೆ ಹಾಕ್ಬೇಕು. ಎಲ್ಲರೂ ಹಶರ್‌ಗೆ ಬನ್ನಿ. ಅಕ್ಕಿ ತರಬೇಡಿ."

ಮರಿ ಈಗ ನಮ್ಮ ಬಾಲ್ಕನಿಯಲ್ಲಿದೆ. ನನ್ನ ಹೆಂಡತಿ ಓಯ್ನಿಹೋಲ್ ಒಣಹಾಕಿದ್ದ ಎರಡು ಟವೆಲು, ನನ್ನ ಸ್ಕಾರ್ಫಿನ ಒಂದು ತುದಿ ಅದರ ಹೊಟ್ಟೆಯಲ್ಲಿವೆ. ಜುಲೈಗೆ ಹೊರಡುವುದು ಎಂದು ತಂಡ ತೀರ್ಮಾನಿಸಿದೆ. ಅವರ ಮನೆಯಲ್ಲಿ ಈಗ ತಾಯಿ ಮೇಕೆ ಒಂದು, ಮರಿ ಒಂದು, ಕೋಳಿ ಎಷ್ಟಿವೆಯೋ ಗೊತ್ತಿಲ್ಲ. ಬ್ಯಾಡ್ಜನ್ನು ಆ ಕೊಟ್ಟಿಗೆಯ ಮುಂದೆಯೇ, ಊಟವಾದ ಮೇಲೆ, ಕೊಟ್ಟಿಗೆಯಲ್ಲಿ ಎಲ್ಲ ಮೇಕೆಗಳೂ ಜೀವಂತ ಇದ್ದರೆ ಹಾಕಿಸಿಕೊಳ್ಳುತ್ತೇನೆ ಎಂದು ಮೆಹ್ರಂಗೇಜ್ ಹೇಳಿದ್ದಾಳೆ. ನನ್ನ ಕೈಯಿಂದಲೇ ಎಂದೂ ಹೇಳಿದ್ದಾಳೆ. ಅದನ್ನು ಕೇಳಿ ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಭಯವಾಯಿತು.

ನಿನ್ನೆ ಸಂಜೆ ಮರಿಯನ್ನು ನೋಡಲು ಬಂದವಳು ಅದಕ್ಕೆ ಎಲೆಕೋಸಿನ ಎಲೆ ತಿನ್ನಿಸುತ್ತ, ಉಸ್ತಾದ್, ಮೂರನೆಯ ಬೇಡದವರೆಗೆ ಒಂದು ಸಲ ಹೇಳಿ ನೋಡೋಣ ಎಂದಳು. ಹುಡುಗಾಟವಲ್ಲ, ಪರೀಕ್ಷೆ. ನಾನು ಬಾಲ್ಕನಿಯಲ್ಲಿ ನಿಂತು ಬೇಡ ಎಂದೆ. ಇನ್ನೊಮ್ಮೆ ಬೇಡ ಎಂದೆ. ಮೂರನೆಯದಕ್ಕೆ ಮೊದಲು ಒಮ್ಮೆ ಮರಿಯ ಕಡೆ ನೋಡಿದೆ. ಅವಳು ಕಾದಳು, ಮರಿಯೂ ಅಗಿಯುವುದನ್ನು ನಿಲ್ಲಿಸಿ ನೋಡಿತು. ಬೇಡ ಎಂದೆ, ಗಟ್ಟಿಯಾಗಿ.

ಚಹಾದ ಕೆಟಲು ಹಿಡಿದು ಬಾಗಿಲವರೆಗೆ ಬಂದಿದ್ದ ಓಯ್ನಿಹೋಲ್ ಮೂರೂ ಕೇಳಿಸಿಕೊಂಡು, ಅಷ್ಟು ಬೇಡದಿದ್ದರೆ ಬಿಡಿ ಎಂದು ಕೆಟಲನ್ನು ಒಳಗೆ ತೆಗೆದುಕೊಂಡು ಹೋದಳು.